ಬಿಡುವಿನ ಒಡೆಯರು ಯಾರು?

ಒಂದು ಜನಾಂಗವು ದುಡಿಯುವಾಗ ಹೇಗಿರುವುದೆಂಬುದನ್ನು ಸರಕಾರದ ವರದಿಗಳಿಂದ ತಿಳಿಯಬಹುದು. ದುಡಿಮೆ ಮುಗಿದ ಮೇಲೆ ಅದು ಹೇಗಿರುವುದೆಂಬುದನ್ನು ತಿಳಿಯಬೇಕಾದರೆ ಸಾಹಿತ್ಯದ ಬಾಗಿಲಿಗೇ ಹೋಗಬೇಕು. ಎಷ್ಟು ಖಂಡುಗ ಭತ್ತ ಬೆಳೆಯಿತು, ಎಷ್ಟು ಗಜ ಬಟ್ಟೆ ಮಗ್ಗದಿಂದಿಳಿಯಿತು, ಎಷ್ಟು ರೂಪಾಯಿ ಕಂದಾಯ ವಸೂಲಾಯಿತು ಎಂಬುದಕ್ಕೆಲ್ಲ ದಫ್ತರಗಳಲ್ಲಿ ಲೆಕ್ಕವುಂಟು. ಆದರೆ ಕಂದಾಯ ತೆತ್ತು ಮನೆಗೆ ಮರಳಿದವನು ಆ ಸಂಜೆ ಅಶ್ವತ್ಥಕಟ್ಟೆಯ ಮೇಲೆ ಕುಳಿತು ಏನು ಮಾತನಾಡಿದನು, ಯಾವ ಕತೆಗೆ ಕಿವಿಗೊಟ್ಟನು, ಯಾವ ಆಟದಲ್ಲಿ ತನ್ನ ದುಃಖವನ್ನು ಮರೆತನು ಎಂಬುದು ಯಾವ ದಫ್ತರದಲ್ಲಿಯೂ ಇಲ್ಲ. ಅದನ್ನು ಬರೆದಿಟ್ಟವರು ಕತೆಗಾರರು, ಕಾದಂಬರಿಕಾರರು, ನಾಟಕಕಾರರು. ಅವರಲ್ಲಿ ಕೆಲವರ ಬರವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಿದಲ್ಲಿ ಪೌರ್ವಾತ್ಯ ದೇಶಗಳ ಕಳೆದ ನೂರೈವತ್ತು ವರ್ಷಗಳ ಇತಿಹಾಸವೇ ಬೇರೊಂದು ಬೆಳಕಿನಲ್ಲಿ ಕಾಣುವುದೆಂದು ನಾವು ನಂಬಿದ್ದೇವೆ.

ಪರಾಧೀನತೆಯನ್ನು ಉಂಡ ದೇಶಗಳ ಮಟ್ಟಿಗೆ ಈ ವಿಷಯವು ಬರಿಯ ವಿನೋದದ್ದಲ್ಲ. ಆಳಬಂದವರೆಲ್ಲರೂ ಆಳಿಸಿಕೊಂಡವರ ಮೇಲೆ ಹೊರಿಸಿದ ಮೊದಲನೆಯ ಆರೋಪ ಒಂದೇ: ಈ ಜನರು ಸೋಮಾರಿಗಳು, ಇವರಿಗೆ ಹೊತ್ತಿನ ಬೆಲೆ ತಿಳಿಯದು, ಆದುದರಿಂದ ಇವರ ಹೊತ್ತಿಗೂ ಇವರ ನೆಲಕ್ಕೂ ನಾವೇ ಯಜಮಾನರಾಗುವುದು ನ್ಯಾಯ. ಜಾವಾದಲ್ಲಿ ಡಚ್ಚರೂ, ಫಿಲಿಪ್ಪೀನ್ಸಿನಲ್ಲಿ ಸ್ಪೇನಿನವರೂ, ಮಲಯದಲ್ಲಿಯೂ ಹಿಂದುಸ್ಥಾನದಲ್ಲಿಯೂ ಆಂಗ್ಲರೂ ಇದೇ ಪಲ್ಲವಿಯನ್ನು ಹಾಡಿದರು. ಸಯ್ಯದ್ ಹುಸೇನ್ ಅಲತಾಸ್ ಎಂಬ ಪಂಡಿತರು 1977ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ‘ಸೋಮಾರಿ ದೇಶೀಯ’ನೆಂಬುವನು ತೋಟದ ಮಾಲಿಕರ ಲಾಭಕ್ಕಾಗಿ ಹುಟ್ಟಿದ ಕಲ್ಪನೆಯೆಂದು ವಿಸ್ತಾರವಾಗಿ ತೋರಿಸಿದರು. ಪರರ ತೋಟದಲ್ಲಿ ಕೂಲಿಗೆ ಬರಲೊಲ್ಲದೆ ತನ್ನ ಗದ್ದೆಯನ್ನು ತಾನು ಉಳುತ್ತಿದ್ದವನೂ ಆ ಲೆಕ್ಕದಲ್ಲಿ ಸೋಮಾರಿಯೇ ಆಗಿದ್ದನು!

ಆದರೆ ಈ ಆರೋಪಕ್ಕೆ ಅದಕ್ಕಿಂತ ಬಹು ಮುಂಚೆಯೇ ಉತ್ತರ ಕೊಟ್ಟವರೊಬ್ಬರುಂಟು. ಫಿಲಿಪ್ಪೀನ್ಸಿನ ದೇಶಭಕ್ತ ಹೋಸೆ ರಿಜಾಲರು 1890ರಲ್ಲಿ ಮ್ಯಾಡ್ರಿಡ್ ನಗರದಿಂದ ಹೊರಡುತ್ತಿದ್ದ ‘ಲಾ ಸೊಲಿಡಾರಿಡಾಡ್’ ಎಂಬ ಪತ್ರಿಕೆಯಲ್ಲಿ ತಮ್ಮ ದೇಶಬಾಂಧವರ ಆಲಸ್ಯವನ್ನು ಕುರಿತು ಐದು ಕಂತುಗಳ ಲೇಖನವನ್ನು ಬರೆದರು. ಸಾಮಾನ್ಯ ಅಭಿಮಾನಿಯಾಗಿದ್ದರೆ ‘ನಮ್ಮವರು ಸೋಮಾರಿಗಳೇ ಅಲ್ಲ’ ಎಂದು ಕೂಗಾಡಿ ಸುಮ್ಮನಾಗುತ್ತಿದ್ದನು. ರಿಜಾಲರು ಹಾಗೆ ಮಾಡಲಿಲ್ಲ. ಆಲಸ್ಯವು ಇರುವುದೆಂದು ಒಪ್ಪಿಕೊಂಡು ಅದು ಎಲ್ಲಿಂದ ಬಂದಿತೆಂದು ವಿಚಾರಿಸಿದರು. ಉಷ್ಣದೇಶದಲ್ಲಿ ಮೈಗೆ ವಿಶ್ರಾಂತಿ ಬೇಕು. ಸೋಮಾರಿತನವನ್ನು ಹಳಿಯುವ ಯುರೋಪಿಯನ್ನರೇ ಅಲ್ಲಿ ಆಳುಕಾಳುಗಳನ್ನಿಟ್ಟುಕೊಂಡು ಬದುಕುತ್ತಾರೆ. ಸ್ಪೇನಿನವರು ಬರುವ ಮೊದಲು ಆ ದ್ವೀಪಗಳವರು ನೆರೆಹೊರೆಯ ದೇಶಗಳೊಡನೆ ವ್ಯಾಪಾರ ನಡೆಸುತ್ತಿದ್ದರು. ಬಂದ ಮೇಲೆ ಯುದ್ಧಗಳು, ಹಡಗು ಕಟ್ಟುವ ಬಿಟ್ಟಿ ಚಾಕರಿ, ವ್ಯಾಪಾರದ ಮೇಲಿನ ಕಟ್ಟುಗಳು ಒಂದರ ಹಿಂದೊಂದು ಬಂದುವು. ದುಡಿದುದೆಲ್ಲ ಪರರ ಪಾಲಾಗುವುದಾದರೆ ದುಡಿಯುವುದೇತಕ್ಕೆ? ಆಲಸ್ಯವು ದುರಾಡಳಿತಕ್ಕೆ ಕಾರಣವಲ್ಲ, ಅದರ ಫಲ, ಎಂಬುದು ಅವರ ಸಿದ್ಧಾಂತ. 1887ರಲ್ಲಿ ಹೊರಬಂದ ತಮ್ಮ ‘ನೋಲಿ ಮೆ ತಾಂಗೆರೆ’ ಎಂಬ ಕಾದಂಬರಿಯಲ್ಲಿ ಕೋಳಿ ಅಂಕದ ಅಖಾಡವನ್ನು ಚಿತ್ರಿಸಿದಾಗಲೂ ಅವರ ದೃಷ್ಟಿ ಇದೇ. ಜೂಜಾಡುವ ಬಡವನನ್ನು ಬಯ್ಯುವ ಸರಕಾರವೇ ಆ ಅಖಾಡದಿಂದ ತೆರಿಗೆಯನ್ನು ಎಣಿಸಿಕೊಳ್ಳುತ್ತಿತ್ತು. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ರಿಜಾಲರನ್ನು ಗುಂಡಿಕ್ಕಿ ಕೊಂದರು. ಆದರೆ ಅವರು ಎತ್ತಿದ ಪ್ರಶ್ನೆ ಸಾಯಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ವಿರಾಮವನ್ನು ಕುರಿತು ಹಿಂದುಸ್ಥಾನದಲ್ಲಿ ಬರೆದ ಕತೆಗಳಲ್ಲಿ ಪ್ರೇಮಚಂದರ ‘ಶತರಂಜ್ ಕೆ ಖಿಲಾಡಿ’ಗೆ ಮೊದಲನೆಯ ಸ್ಥಾನವನ್ನು ಕೊಟ್ಟರೆ ತಪ್ಪಾಗಲಾರದು. ಅದು ಪ್ರಕಟವಾದುದು 1924ರಲ್ಲಿ. ಅದರ ಕಾಲ ವಾಜಿದ್ ಅಲಿ ಶಹನ ಆಳಿಕೆಯ ಕೊನೆಯ ದಿನಗಳು. ಮಿರ್ಜಾ ಸಜ್ಜಾದ್ ಅಲಿ, ಮೀರ್ ರೋಶನ್ ಅಲಿ ಎಂಬ ಇಬ್ಬರು ಜಹಗೀರುದಾರರು ಬೆಳಗಿನಿಂದ ರಾತ್ರಿಯವರೆಗೆ ಚದುರಂಗದ ಮುಂದಿನಿಂದ ಏಳುವವರಲ್ಲ. ಒಬ್ಬನ ಹೆಂಡತಿ ತಲೆನೋವಿನಿಂದ ನರಳಿದರೂ ಅವನಿಗೆ ಆಟವೇ ಮುಖ್ಯ. ಆಕೆ ರೇಗಿ ಕಾಯಿಗಳನ್ನು ಹೊರಗೆ ಎಸೆದಾಗ ಆಟವು ಇನ್ನೊಬ್ಬನ ಮನೆಗೆ ಹೋಗುತ್ತದೆ. ಅಲ್ಲಿಯೂ ನೆಮ್ಮದಿ ತಪ್ಪಿದಾಗ ಗೋಮತಿಯ ಆಚೆಯ ಪಾಳುಮಸೀದಿಯೊಂದರಲ್ಲಿ ಹಾಸು ಬೀಳುತ್ತದೆ. ಕಂಪೆನಿಯ ಸೈನ್ಯವು ಲಖನೌ ನಗರವನ್ನು ಹೊಗುತ್ತದೆ. ಸ್ವತಃ ನವಾಬನೇ ಸೆರೆಯಾಳಾಗಿ ಸಾಗುತ್ತಾನೆ. ಇವರ ಕಣ್ಣು ಮಾತ್ರ ಹಲಗೆಯ ಮೇಲಿಂದ ಕದಲುವುದಿಲ್ಲ. ಕಡೆಗೆ ಆಟದ ಒಂದು ನಡೆಯ ವಿಷಯದಲ್ಲಿ ಜಗಳ ಹುಟ್ಟಿ, ಮಾತು ವಂಶದ ಹಿರಿಮೆಗೆ ಏರಿ, ಕತ್ತಿಗಳು ಒರೆಯಿಂದ ಹೊರಬಂದು ಇಬ್ಬರೂ ಅಲ್ಲಿಯೇ ಮಡಿಯುತ್ತಾರೆ. ಅವರು ಹೇಡಿಗಳಾಗಿರಲಿಲ್ಲವೆಂಬುದೇ ಈ ಕತೆಯ ಕಹಿ. ಜೀವಕೊಡುವ ಧೈರ್ಯ ಅವರಲ್ಲಿತ್ತು. ಅದು ಖರ್ಚಾದುದು ಮರದ ಕಾಯಿಗಳಿಗಾಗಿ.

ಇದನ್ನೋದಿ ಆಂಗ್ಲ ರೆಸಿಡೆಂಟನು ತಲೆದೂಗಬಹುದಾಗಿತ್ತಲ್ಲವೇ, ಅವನು ಬರೆದ ವರದಿಗಳಲ್ಲಿಯೂ ಇದೇ ಆರೋಪವಿತ್ತಲ್ಲವೇ, ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಒಂದೇ ಮಾತನ್ನು ಕಳ್ಳನೂ ಆಡಬಹುದು, ಮನೆಯ ಹಿರಿಯನೂ ಆಡಬಹುದು. ‘ಬಾಗಿಲಿಗೆ ಅಗಳಿ ಹಾಕದೆ ಮಲಗಿದ್ದಿರಿ’ ಎಂದು ಕಳ್ಳನು ಹೇಳಿದರೆ ಅದು ಕಳವಿಗೆ ಸಮರ್ಥನೆ. ಹಿರಿಯನು ಹೇಳಿದರೆ ಎಚ್ಚರಿಕೆ. ಪ್ರೇಮಚಂದರು ಈ ಕತೆಯನ್ನು ಬರೆಯುವುದಕ್ಕೆ ಮೂರು ವರ್ಷ ಮೊದಲು, 1921ರಲ್ಲಿ, ಗಾಂಧೀಜಿಯವರ ಕರೆಗೆ ಓಗೊಟ್ಟು ಸರಕಾರಿ ಶಿಕ್ಷಣ ಇಲಾಖೆಯ ನೌಕರಿಗೆ ರಾಜೀನಾಮೆ ಕೊಟ್ಟವರು. ಅಸಹಕಾರದ ಅಲೆ ಇಳಿದು ವಿದ್ಯಾವಂತರು ಮತ್ತೆ ತಮ್ಮ ತಮ್ಮ ಹರಟೆಯ ಕೋಣೆಗಳಿಗೆ ಮರಳುತ್ತಿದ್ದ ದಿನಗಳಲ್ಲಿ ಅವರು 1856ರ ಕತೆಯನ್ನು ಹೇಳಿದರು. ಅದು ಯಾರನ್ನು ಕುರಿತು ಹೇಳಿದುದೆಂಬುದು ಅಂದಿನ ವಾಚಕರಿಗೆ ತಿಳಿಯದೆ ಇರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1856ರ ಫೆಬ್ರವರಿಯಲ್ಲಿ ಕಂಪೆನಿಯವರು ಔಧ್ ಪ್ರಾಂತವನ್ನು ನುಂಗಿದರು. ಮರುವರ್ಷವೇ, 1857ರಲ್ಲಿ, ಅದೇ ಲಖನೌ ಬೇಗಂ ಹಜರತ್ ಮಹಲಳ ನಾಯಕತ್ವದಲ್ಲಿ ಎದ್ದು ನಿಂತು ರೆಸಿಡೆನ್ಸಿಯನ್ನು ತಿಂಗಳುಗಟ್ಟಲೆ ಮುತ್ತಿತು. ಗಾಳಿಪಟ ಹಾರಿಸುವವರ, ಲಾವುಗೆಗಳನ್ನು ಕಾದಿಸುವವರ, ಠುಮ್ರಿ ಕೇಳುವವರ ಊರು ಅದೇ. ಕೋವಿ ಹಿಡಿದವರ ಊರೂ ಅದೇ. ವಾಜಿದ್ ಅಲಿ ಶಹನನ್ನು ಕಲಕತ್ತೆಯ ಮಟಿಯಾಬುರ್ಜಿಗೆ ಕಳುಹಿಸಿದ ಮೇಲೂ ಅವನು ಪೋಷಿಸಿದ ಕಥಕ್ ನೃತ್ಯವೂ ಠುಮ್ರಿಯೂ ಸಾಯಲಿಲ್ಲ; ದೇಶದ ಸೊತ್ತಾಗಿ ಉಳಿದುವು. ಅಬ್ದುಲ್ ಹಲೀಮ್ ಶರರರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಹಳೆಯ ಲಖನೌವನ್ನು ಕುರಿತು ಉರ್ದುವಿನಲ್ಲಿ ಬರೆದ ಲೇಖನಮಾಲೆಯಲ್ಲಿ ಆ ನಗರದ ಊಟ, ಉಡಿಗೆ, ಆಟ, ಸಂಗೀತಗಳನ್ನೆಲ್ಲ ಮಮತೆಯಿಂದ ದಾಖಲೆ ಮಾಡಿದರು. ಪ್ರೇಮಚಂದರ ಕೋಪವನ್ನೂ ಶರರರ ಮಮತೆಯನ್ನೂ ಒಟ್ಟಿಗೆ ಓದಿದವನಿಗೆ ಮಾತ್ರ ಸತ್ಯದ ಎರಡು ಮಗ್ಗುಲುಗಳೂ ಕಾಣುವುವು. 1977ರಲ್ಲಿ ಸತ್ಯಜಿತ್ ರಾಯರು ಈ ಕತೆಯನ್ನು ಚಲಚ್ಚಿತ್ರವಾಗಿ ಮಾಡಿದಾಗ ಇಬ್ಬರು ಗೆಳೆಯರನ್ನೂ ಕೊಲ್ಲಲಿಲ್ಲ. ಮಂತ್ರಿಯ ಸ್ಥಾನದಲ್ಲಿ ರಾಣಿಯನ್ನಿಡುವ ಆಂಗ್ಲರ ಪದ್ಧತಿಯಂತೆ ಆಟವನ್ನು ಮುಂದುವರಿಸುವಂತೆ ಮಾಡಿದರು. ಸಾವಿಗಿಂತ ಅದು ಹೆಚ್ಚು ಚುಚ್ಚುವ ಮುಕ್ತಾಯವೆಂದು ನಮಗೆ ತೋರುತ್ತದೆ.

ಚೀನ ದೇಶದ ಲಾವೊ ಷ ಅವರು ಇದೇ ವಿಷಯವನ್ನು ಚಹಾದಂಗಡಿಯ ಮೂಲಕ ನೋಡಿದರು. ಅವರ ‘ಚಹಾಗೃಹ’ವೆಂಬ ನಾಟಕ ಅಚ್ಚಾದುದು 1957ರಲ್ಲಿ, ರಂಗಕ್ಕೇರಿದುದು 1958ರಲ್ಲಿ. ಮೂರೇ ಅಂಕಗಳು, ಮೂರಕ್ಕೂ ಪೇಕಿಂಗ್ ನಗರದ ಒಂದೇ ಚಹಾದಂಗಡಿ ರಂಗಸ್ಥಳ. ಮೊದಲನೆಯ ಅಂಕವು 1898ರಲ್ಲಿ, ಸುಧಾರಣೆಯ ಪ್ರಯತ್ನವು ಮುರಿದುಬಿದ್ದ ಕಾಲದಲ್ಲಿ. ಎರಡನೆಯದು ಚಕ್ರವರ್ತಿ ಹೋಗಿ ಸೇನಾಪತಿಗಳು ಒಬ್ಬರನ್ನೊಬ್ಬರು ಕಡಿಯುತ್ತಿದ್ದ ದಿನಗಳಲ್ಲಿ. ಮೂರನೆಯದು 1945ರಲ್ಲಿ ಜಪಾನೀಯರು ಸೋತ ನಂತರ. ಮೊದಲನೆಯ ಅಂಕದಲ್ಲಿ ಹಕ್ಕಿಯ ಪಂಜರಗಳನ್ನು ಹಿಡಿದು ಬರುವ ಮಂಚೂ ಗೃಹಸ್ಥರಿದ್ದಾರೆ. ಹಕ್ಕಿಯ ಹಾಡು ಕೇಳುತ್ತ, ಚಹಾ ಕುಡಿಯುತ್ತ ಹಗಲನ್ನು ಕಳೆಯುವವರು. ಅದೇ ಹೊತ್ತಿಗೆ ಅದೇ ಛಾವಣಿಯ ಕೆಳಗೆ ಹಸಿದ ರೈತನೊಬ್ಬನು ತನ್ನ ಮಗಳನ್ನು ಮಾರುತ್ತಿದ್ದಾನೆ. ಸಾಮ್ರಾಜ್ಯವು ಮುಳುಗಲಿದೆಯೆಂದು ಬಾಯಿಬಿಟ್ಟ ಗೃಹಸ್ಥನನ್ನು ಗುಪ್ತಚಾರರು ಎಳೆದೊಯ್ಯುತ್ತಾರೆ. ಗೋಡೆಯ ಮೇಲೆ ರಾಜ್ಯಕಾರ್ಯಗಳನ್ನು ಕುರಿತು ಮಾತನಾಡಕೂಡದೆಂಬ ಚೀಟಿ ಅಂಟಿಸಿದೆ. ಅಂಕದಿಂದ ಅಂಕಕ್ಕೆ ಅಂಗಡಿಯ ಅಂದ ಕುಗ್ಗುತ್ತದೆ; ಚೀಟಿಯ ಅಕ್ಷರಗಳು ಮಾತ್ರ ದೊಡ್ಡವಾಗುತ್ತ ಹೋಗುತ್ತವೆ.

ಐವತ್ತು ವರ್ಷಗಳ ರಾಜಕೀಯವನ್ನು ಒಂದು ಗೋಡೆಯ ಚೀಟಿಯ ಮೂಲಕ ಹೇಳಿದ ಈ ಯುಕ್ತಿಯನ್ನು ಎಷ್ಟು ಮೆಚ್ಚಿದರೂ ಸಾಲದು. ಜನರು ಬಿಡುವಾಗಿ ಕೂಡುವ ಸ್ಥಳವೇ ಲೋಕಾಭಿಪ್ರಾಯವು ಹುಟ್ಟುವ ಸ್ಥಳ. ಆದುದರಿಂದಲೇ ಪ್ರತಿಯೊಂದು ದುರಾಡಳಿತವೂ ಆ ಸ್ಥಳದ ಮೇಲೆ ಕಣ್ಣಿಡುತ್ತದೆ. ಕಾಲಕಾಲಕ್ಕೆ ಹೊಂದಿಕೊಂಡು, ಸುಧಾರಿಸಿ, ನಗುಮುಖದಿಂದ ಎಲ್ಲ ಸರಕಾರಗಳಿಗೂ ಕೈಮುಗಿದು ಅಂಗಡಿಯನ್ನು ಉಳಿಸಿಕೊಂಡ ಮಾಲಿಕ ವಾಂಗ್ ಲಿಫಾ ಕಡೆಗೆ ಅದನ್ನೂ ಕಳೆದುಕೊಂಡು ನೇಣು ಹಾಕಿಕೊಳ್ಳುತ್ತಾನೆ. ಅದಕ್ಕೆ ಮೊದಲು ಮೂವರು ಮುದುಕರು ಸೇರಿ ಶವದ ಮುಂದೆ ಎರಚುವ ಕಾಗದದ ಹಣವನ್ನು ತಮಗೆ ತಾವೇ ಎರಚಿಕೊಳ್ಳುವ ದೃಶ್ಯವುಂಟು. ಲಾವೊ ಷ ಅವರು ಸ್ವತಃ ಬಡ ಮಂಚೂ ಕುಟುಂಬದವರು. 1900ರಲ್ಲಿ ಎಂಟು ರಾಜ್ಯಗಳ ಸೈನ್ಯವು ಪೇಕಿಂಗಿಗೆ ನುಗ್ಗಿದಾಗ ಅವರ ತಂದೆ ಕಾವಲುಗಾರ ಸಿಪಾಯಿಯಾಗಿ ಮಡಿದರು. 1966ರಲ್ಲಿ ‘ಸಾಂಸ್ಕೃತಿಕ ಕ್ರಾಂತಿ’ಯ ತರುಣರಿಂದ ಅವಮಾನಕ್ಕೂ ಹೊಡೆತಕ್ಕೂ ಗುರಿಯಾದ ಈ ಮಹಾಲೇಖಕರು ಕೆರೆಯೊಂದರಲ್ಲಿ ಹೆಣವಾಗಿ ಸಿಕ್ಕಿದರು. ಪರಕೀಯರ ಆಳಿಕೆ ಹೋದೊಡನೆ ಗೋಡೆಯ ಚೀಟಿಯೂ ತಾನಾಗಿ ಕಿತ್ತುಹೋಗುವುದೆಂದು ಯಾರೂ ತಿಳಿಯಲಾಗದು.

ಮಿಸರ ದೇಶದ ನಜೀಬ್ ಮಹಫೂಜರು 1947ರಲ್ಲಿ ಪ್ರಕಟಿಸಿದ ‘ಮಿದಕ್ ಓಣಿ’ಯಲ್ಲಿ ಇನ್ನೊಂದು ಬಗೆಯ ಮಾರ್ಪಾಟನ್ನು ಕಾಣುತ್ತೇವೆ. ಕೈರೋ ನಗರದ ಇಕ್ಕಟ್ಟಾದ ಓಣಿ. ಕಾಲ ಎರಡನೆಯ ಮಹಾಯುದ್ಧದ್ದು. ಓಣಿಯ ಜೀವಾಳವೆಂದರೆ ಕಿರ್ಷಾ ಎಂಬುವನ ಕಾಫಿಯ ಅಂಗಡಿ. ಕಾದಂಬರಿಯ ಆರಂಭದಲ್ಲಿಯೇ ತಂತಿವಾದ್ಯವನ್ನು ಹಿಡಿದ ಮುದಿಗವಿಯೊಬ್ಬನು ಬರುತ್ತಾನೆ. ಇಪ್ಪತ್ತು ವರ್ಷಗಳಿಂದ ಪ್ರತಿ ರಾತ್ರಿಯೂ ವೀರಗಾಥೆಗಳನ್ನು ಹಾಡಿ ಹೊಟ್ಟೆ ಹೊರೆದವನು. ಆ ರಾತ್ರಿ ಅಂಗಡಿಕಾರನು ಅವನನ್ನು ಹಾಡಗೊಡಿಸುವುದಿಲ್ಲ. ಏಕೆಂದರೆ ಗೋಡೆಯ ಮೇಲೆ ರೇಡಿಯೋ ಕೂರಿಸುವ ಕೆಲಸ ನಡೆದಿದೆ. ಗಿರಾಕಿಗಳಿಗೆ ಹಳೆಯ ಕತೆಗಳೆಲ್ಲ ಬಾಯಿಪಾಠವಾಗಿವೆ, ಅವರಿಗೆ ಈಗ ಬೇಕಾದುದು ಈ ಪೆಟ್ಟಿಗೆ, ಎಂದು ಅವನು ನಿಷ್ಠುರವಾಗಿ ಹೇಳುತ್ತಾನೆ. ಮುದುಕನು ಮಗನ ಕೈಹಿಡಿದು ಕತ್ತಲೆಗೆ ಇಳಿಯುತ್ತಾನೆ. ಮಿಸರದ ಸರಕಾರಿ ಆಕಾಶವಾಣಿ ಆರಂಭವಾದುದು 1934ರಲ್ಲಿ. ಹತ್ತೇ ವರ್ಷಗಳಲ್ಲಿ ಅದು ಓಣಿಯ ಮೂಲೆಯನ್ನು ಮುಟ್ಟಿ ಶತಮಾನಗಳ ಪದ್ಧತಿಯೊಂದನ್ನು ಬೀದಿಗೆ ನೂಕಿತು.

ಮಹಫೂಜರು ಇದಕ್ಕಾಗಿ ಕಣ್ಣೀರು ಸುರಿಸುತ್ತ ಕೂರಲಿಲ್ಲ. ಹಳೆಯದೆಲ್ಲ ಚೆನ್ನೆಂದೂ ಹೇಳಲಿಲ್ಲ. ಓಣಿಯ ಹರಟೆಯಲ್ಲಿರುವ ಕ್ರೌರ್ಯ, ಕುತೂಹಲ, ಹೊಟ್ಟೆಕಿಚ್ಚುಗಳನ್ನು ಅವರಷ್ಟು ಬಲ್ಲವರಿಲ್ಲ. ಆದರೆ ಬಿಡುವಿನ ಹೊಸ ಆಸೆಗಳು ಓಣಿಯ ತರುಣರನ್ನು ಎಲ್ಲಿಗೆ ಒಯ್ದುವೆಂಬುದನ್ನು ಅವರು ತೋರಿಸಿದರು. ಒಬ್ಬನು ಆಂಗ್ಲರ ಸೈನ್ಯದ ಠಾಣೆಯಲ್ಲಿ ಕೆಲಸಕ್ಕೆ ಸೇರಿ, ಕೈತುಂಬ ಹಣ ಕಂಡು, ಓಣಿಯ ಬದುಕನ್ನೇ ಹಳಿಯುತ್ತಾನೆ. ಚೆಲುವೆಯಾದ ಹಮೀದಾ ಒಳ್ಳೆಯ ಉಡಿಗೆತೊಡಿಗೆಗಳ ಕನಸಿನ ಬೆನ್ನುಹತ್ತಿ ಪರದೇಶದ ಸಿಪಾಯಿಗಳ ವಿನೋದದ ವಸ್ತುವಾಗುತ್ತಾಳೆ. ಆಕೆಯನ್ನು ಮದುವೆಯಾಗಲೆಂದು ಹಣ ಕೂಡಿಸಲು ಹೋದ ಬಡ ಕ್ಷೌರಿಕ ಅಬ್ಬಾಸನು ಅದೇ ಸಿಪಾಯಿಗಳ ಕೈಯಲ್ಲಿ ಹೆಂಡದಂಗಡಿಯೊಂದರಲ್ಲಿ ಸಾಯುತ್ತಾನೆ. ಒಬ್ಬರ ಮೋಜು ಇನ್ನೊಬ್ಬರ ಸರ್ವನಾಶವಾಗುವ ಈ ಚಿತ್ರವೇ ಪರಾಧೀನತೆಯ ನಿಜವಾದ ವ್ಯಾಖ್ಯಾನ. ಅಧಿಕಾರಿವರ್ಗದ ವಾಚಕರಿಗೆ ಇನ್ನೊಂದು ಮಾತು: 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ಮಹಾಶಯರು 1971ರವರೆಗೂ ಸರಕಾರಿ ನೌಕರರಾಗಿದ್ದರು. ಕಚೇರಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿಯೇ ಅವರ ಕಾದಂಬರಿಗಳು ಹುಟ್ಟಿದುವು.

ಬಿಡುವನ್ನು ಕುರಿತ ವಿಚಾರವು ಗಡಿಯಾರವನ್ನು ಕುರಿತ ವಿಚಾರವೂ ಹೌದು. ಹಳೆಯ ತುರ್ಕಸ್ಥಾನದಲ್ಲಿ ಸೂರ್ಯಾಸ್ತವೇ ಹನ್ನೆರಡು ಗಂಟೆ. ಅಲ್ಲಿಂದ ದಿನದ ಲೆಕ್ಕ. ಗಣರಾಜ್ಯವು ಸ್ಥಾಪಿತವಾದ ಮೇಲೆ 1926ರಿಂದ ಯುರೋಪಿನ ಪದ್ಧತಿಯ 24 ಗಂಟೆಗಳ ದಿನ ಜಾರಿಗೆ ಬಂದಿತು. 1935ರಲ್ಲಿ ವಾರದ ರಜೆ ಶುಕ್ರವಾರದಿಂದ ರವಿವಾರಕ್ಕೆ ಸರಿಯಿತು. ಜನರ ವಿಶ್ರಾಂತಿಯ ದಿನವನ್ನೇ ಸರಕಾರವು ಕಾಯದೆಯಿಂದ ಬದಲಾಯಿಸಿದ ಈ ಕಾಲವನ್ನು ಅಹ್ಮೆತ್ ಹಮ್ದಿ ತಾನ್‌ಪಿನಾರರು ತಮ್ಮ ‘ಗಡಿಯಾರಗಳನ್ನು ಸರಿಪಡಿಸುವ ಸಂಸ್ಥೆ’ ಎಂಬ ಕಾದಂಬರಿಯಲ್ಲಿ ನಗೆಗೆ ಈಡುಮಾಡಿದರು. ಅದು 1954ರಲ್ಲಿ ಕಂತುಕಂತಾಗಿ ಬಂದು 1961ರಲ್ಲಿ ಪುಸ್ತಕವಾಯಿತು. ನಾಯಕ ಹೈರಿ ಇರ್ದಾಲನು ಬಾಲ್ಯದಲ್ಲಿ ಗಡಿಯಾರ ರಿಪೇರಿಯ ಗುರುವೊಬ್ಬರಲ್ಲಿ ಪಳಗಿ, ಮುಂದೆ ಬಹುಕಾಲ ಕಾಫಿಯ ಅಂಗಡಿಗಳಲ್ಲಿ ಹರಟೆ ಹೊಡೆದವನು. ಅಂಥವನನ್ನು ಹಿಡಿದು ಒಬ್ಬ ಚತುರನು ದೇಶದ ಗಡಿಯಾರಗಳನ್ನೆಲ್ಲ ಒಂದೇ ಹೊತ್ತಿಗೆ ತರುವ ಭಾರಿ ಸಂಸ್ಥೆಯನ್ನು ಕಟ್ಟುತ್ತಾನೆ. ತಪ್ಪು ಹೊತ್ತು ತೋರುವ ಗಡಿಯಾರದವರಿಗೆ ದಂಡ, ದಂಡದಲ್ಲಿ ಸೋಡಿ, ನೌಕರಿಗೆ ನೆಂಟರಿಷ್ಟರು! ಹಿಂದೆ ಕಾಫಿಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕಳೆಯುತ್ತಿದ್ದ ಹೊತ್ತನ್ನು ಈಗ ಮೇಜಿನ ಮುಂದೆ ಸಂಬಳ ಪಡೆದು ಕಳೆಯುವರು, ಅಷ್ಟೇ ಭೇದ. ಕಚೇರಿಯ ಅನುಭವವುಳ್ಳ ವಾಚಕರು ಇದನ್ನೋದಿ ನಗುವರೋ, ನಾಚುವರೋ, ನಾವು ಹೇಳಲಾರೆವು.

ಜಪಾನಿನ ನಾತ್ಸುಮೆ ಸೋಸೆಕಿಯವರದು ಇನ್ನೂ ಸೂಕ್ಷ್ಮವಾದ ಶೋಧನೆ. 1907ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕತ್ವವನ್ನು ಬಿಟ್ಟು ‘ಆಸಾಹಿ’ ದಿನಪತ್ರಿಕೆಯನ್ನು ಸೇರಿದ ಅವರು 1909ರಲ್ಲಿ ಅದೇ ಪತ್ರಿಕೆಯಲ್ಲಿ ‘ಸೊರೆಕಾರಾ’ ಎಂಬ ಕಾದಂಬರಿಯನ್ನು ಬರೆದರು. ನಾಯಕ ದೈಸುಕೆ ಮೂವತ್ತರ ತರುಣ, ವಿದ್ಯಾವಂತ, ತಂದೆಯ ಹಣದಿಂದ ಬದುಕುವವನು. ಏಕೆ ದುಡಿಯುವುದಿಲ್ಲವೆಂದು ಗೆಳೆಯನು ಕೇಳಿದರೆ ಅವನ ಬಳಿ ಉತ್ತರ ಸಿದ್ಧವಾಗಿದೆ: ಪಾಶ್ಚಾತ್ಯರೊಡನೆ ಪೈಪೋಟಿಗೆ ಬಿದ್ದು ದೇಶವೇ ಏದುಸಿರು ಬಿಡುತ್ತಿದೆ, ಯಾರಿಗೂ ಯೋಚಿಸಲು ಪುರಸೊತ್ತಿಲ್ಲ, ಇಂಥಲ್ಲಿ ಅನ್ನಕ್ಕಾಗಿ ದುಡಿಯುವುದು ಶುದ್ಧವಾದ ದುಡಿಮೆಯಲ್ಲ. ರಷ್ಯಾವನ್ನು 1905ರಲ್ಲಿ ಸೋಲಿಸಿ ಬೀಗುತ್ತಿದ್ದ ಜಪಾನಿಗೆ ಈ ಮಾತು ಕಹಿಯಾಗಿದ್ದರೂ ಸುಳ್ಳಾಗಿರಲಿಲ್ಲ. ಆದರೆ ಸೋಸೆಕಿಯವರು ತಮ್ಮ ನಾಯಕನನ್ನೂ ಬಿಡುವುದಿಲ್ಲ. ಗೆಳೆಯನ ಪತ್ನಿಯ ಮೇಲಿನ ಪ್ರೇಮವನ್ನು ಅವನು ಬಾಯಿಬಿಟ್ಟೊಡನೆ ತಂದೆಯ ಹಣ ನಿಲ್ಲುತ್ತದೆ. ಕೆಲಸ ಹುಡುಕುತ್ತ ಟ್ರಾಮಿನಲ್ಲಿ ಕುಳಿತವನ ಕಣ್ಣಿಗೆ ಲೋಕವೆಲ್ಲ ಕೆಂಪಾಗಿ ಸುತ್ತುತ್ತದೆ. ತನ್ನ ಬಿಡುವಿನ ಬೆಲೆಯನ್ನು ಪರರು ತೆರುತ್ತಿರುವವರೆಗೆ ಲೋಕವನ್ನು ವಿಮರ್ಶಿಸುವುದು ಸುಲಭ.

ಈ ಮಾತು ನಮ್ಮ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಗ್ರಂಥದಲ್ಲಿ ಒಂದು ವಿಂಶತಿ ವಿನೋದಗಳಿಗೆ, ಇನ್ನೊಂದು ಕ್ರೀಡೆಗಳಿಗೆ ಮೀಸಲು. ನೂರರಲ್ಲಿ ನಲವತ್ತು ಅಧ್ಯಾಯಗಳು ಅರಸನ ಬಿಡುವಿಗೆ! ಕೆಲವೇ ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ ಶರಣರು ಕಾಯಕವೆಂಬ ತತ್ತ್ವವನ್ನು ಎತ್ತಿ ಹಿಡಿದು, ದುಡಿಯದೆ ಉಣ್ಣುವ ಹಕ್ಕು ಯಾರಿಗೂ ಇಲ್ಲವೆಂದರು. ಅರಮನೆಯ ವಿನೋದವೂ ಬೀದಿಯ ಕಾಯಕವೂ ಒಂದೇ ಊರಿನಲ್ಲಿ ಮುಖಾಮುಖಿಯಾದ ಈ ಚರಿತ್ರೆಯನ್ನು ನೆನೆದರೆ, ವಿರಾಮದ ಪ್ರಶ್ನೆ ನಮಗೆ ಪಾಶ್ಚಾತ್ಯರು ಕಲಿಸಿದುದಲ್ಲವೆಂಬುದು ಸ್ಪಷ್ಟವಾಗುವುದು.

ಆದರೆ ಅರಸನಿಗೂ ಅಲ್ಲ, ಜಹಗೀರುದಾರನಿಗೂ ಅಲ್ಲ, ಏನೂ ಇಲ್ಲದವನಿಗೆ ಬಿಡುವೆಂದರೇನು? ಇದಕ್ಕೆ ಉತ್ತರವು 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿದೆ. ಚೋಮನು ದಕ್ಷಿಣ ಕನ್ನಡದ ದಲಿತ ಜೀತಗಾರ. ಸಾಲದ ಹೊರೆಯಲ್ಲಿ ಸಿಕ್ಕಿದ ಅವನ ಹಗಲೆಲ್ಲ ಧಣಿಯದು. ತನ್ನದೊಂದು ತುಂಡು ಭೂಮಿಯನ್ನು ಉಳಬೇಕೆಂಬ ಆಸೆ ಮಾತ್ರ ಅವನದು. ಅದನ್ನು ಸಮಾಜವು ಅವನಿಗೆ ಕೊಡಲಿಲ್ಲ. ಮಕ್ಕಳು ಸಾಲ ತೀರಿಸಲೆಂದು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದರು. ನಮ್ಮ ಪಟ್ಟಣಿಗರು ಬಿಡುವಿನ ವೇಳೆ ಹೀರುವ ಕಾಫಿಯ ಹಿಂದೆ ಆ ತೋಟದ ಕೂಲಿಯುಂಟೆಂಬುದನ್ನು ಈ ಕಾದಂಬರಿಯನ್ನೋದಿದವನು ಮರೆಯಲಾರನು. ಚೋಮನಿಗೆ ಉಳಿದುದು ಸಂಜೆಯ ದುಡಿ. ಸಂತೋಷಕ್ಕೂ ಅದೇ, ಸಂಕಟಕ್ಕೂ ಅದೇ. ಕಡೆಗೆ ಎಲ್ಲವನ್ನೂ ಕಳೆದುಕೊಂಡು ಗುಡಿಸಲಿನ ಬಾಗಿಲು ಮುಚ್ಚಿ, ದುಡಿಯನ್ನು ಬಡಿಯುತ್ತ ಬಡಿಯುತ್ತ ಅವನು ಪ್ರಾಣ ಬಿಡುತ್ತಾನೆ. ಲಖನೌವಿನ ಮೀರನು ಕಾಯಿಗಳ ಮುಂದೆ ಸತ್ತನು, ಚೋಮನು ದುಡಿಯ ಮುಂದೆ ಸತ್ತನು. ಒಬ್ಬನಿಗೆ ಬಿಡುವು ಮಿತಿಮೀರಿತ್ತು. ಇನ್ನೊಬ್ಬನಿಗೆ ಜೀವಮಾನದಲ್ಲಿ ದೊರೆತ ಬಿಡುವೆಲ್ಲ ಆ ಚರ್ಮದ ವಾದ್ಯದಷ್ಟೇ. ಇವರಿಬ್ಬರನ್ನೂ ‘ಸೋಮಾರಿ ದೇಶೀಯ’ರೆಂಬ ಒಂದೇ ಹೆಸರಿನಿಂದ ಕರೆದ ವರದಿಗಳಿಗೆ ನಾಚಿಕೆಯಿರಲಿಲ್ಲ.

ದುಡಿಯುವವನಿಗೆ ಬಿಡುವು ದಯೆಯಿಂದ ಬಂದುದಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ‘ದೀನಬಂಧು’ ಪತ್ರಿಕೆಯ ಸಂಪಾದಕರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಕೂಡಿಸಿ ವಾರಕ್ಕೊಂದು ದಿನದ ರಜೆಯನ್ನು ಕೇಳಿದರು. 1890ರಲ್ಲಿ ಗಿರಣಿಗಳ ಮಾಲಿಕರು ರವಿವಾರದ ರಜೆಗೆ ಒಪ್ಪಿದರು. 1891ರ ಕಾಯದೆ ಅದಕ್ಕೆ ಮುದ್ರೆಯೊತ್ತಿತು. ಸ್ವತಂತ್ರ ಭಾರತವು 1948ರಲ್ಲಿ ಕಾರ್ಖಾನೆಗಳ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ಇಂದು ನಾವು ಹಾಯಾಗಿ ಕಳೆಯುವ ರವಿವಾರದ ಹಿಂದೆ ಹೆಸರು ತಿಳಿಯದ ಸಾವಿರಾರು ಗಿರಣಿಗಾರರ ಬೆವರುಂಟು.

ಹೀಗಿರಲು, 2023ರಲ್ಲಿ ನಮ್ಮ ಬೆಂಗಳೂರಿನ ಹೆಸರಾಂತ ಉದ್ಯಮಿಯೊಬ್ಬರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶಿಸಿದಾಗ ನಮಗೆ ರಿಜಾಲರ ನೆನಪಾಯಿತು. ಉಪದೇಶದ ಹಿಂದಿನ ದೇಶಹಿತವನ್ನು ನಾವು ಶಂಕಿಸುವುದಿಲ್ಲ. ದೇಶ ಕಟ್ಟುವುದಕ್ಕೆ ದುಡಿಮೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತರುಣನ ಹಗಲೂ ಸಂಜೆಯೂ ಪರರದಾದರೆ ಅವನು ಪುಸ್ತಕವನ್ನು ಓದುವುದೆಂದು? ಯಕ್ಷಗಾನದ ಮುಂದೆ ರಾತ್ರಿ ಕೂರುವುದೆಂದು? ಊರಿನ ಕೆಲಸಕ್ಕೆ ಕೈಹಚ್ಚುವುದೆಂದು? ನಾಡಿನ ಹಿತಾಹಿತವನ್ನು ನಾಲ್ಕು ಜನರೊಡನೆ ಕುಳಿತು ಚರ್ಚಿಸುವುದೆಂದು? ಪ್ರಜಾರಾಜ್ಯಕ್ಕೆ ದುಡಿಯುವ ಕೈಗಳಷ್ಟೇ ಸಾಲವು; ಯೋಚಿಸುವ ಸಂಜೆಗಳೂ ಬೇಕು.

ಇನ್ನು, ದೊರೆತ ಬಿಡುವನ್ನಾದರೂ ನಾವು ನಮ್ಮದಾಗಿ ಉಳಿಸಿಕೊಂಡಿದ್ದೇವೆಯೇ? ಕಿರ್ಷಾನ ಅಂಗಡಿಯ ಗೋಡೆಗೆ ರೇಡಿಯೋ ಬಂದು ಕವಿಯನ್ನು ಹೊರಗಟ್ಟಿತು. ಇಂದು ಪ್ರತಿಯೊಬ್ಬನ ಅಂಗೈಗೂ ಮೊಬೈಲು ಬಂದು ಪಕ್ಕದವನನ್ನೇ ಹೊರಗಟ್ಟಿದೆ. ಹೋಟೆಲಿನ ಒಂದೇ ಮೇಜಿನ ಸುತ್ತ ನಾಲ್ವರು ಕುಳಿತು ನಾಲ್ಕು ತೆರೆಗಳನ್ನು ನೋಡುವುದನ್ನು ವಾಚಕರೆಲ್ಲರೂ ಬಲ್ಲರು. ಆ ತೆರೆಯ ಮೇಲೆ ಕಳೆವ ಪ್ರತಿ ನಿಮಿಷವೂ ಯಾವುದೋ ದೂರದೇಶದ ಕಂಪೆನಿಗೆ ಲಾಭವಾಗಿ ಎಣಿಸಲ್ಪಡುತ್ತದೆ. ಅಂದು ಕೋಳಿ ಅಂಕದ ಅಖಾಡಕ್ಕೆ ಬಾಗಿಲಲ್ಲಿ ತೆರಿಗೆಯಿತ್ತು. ಇಂದಿನ ಅಖಾಡಕ್ಕೆ ತೆರಿಗೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಹಲಗೆಯ ಮೇಲಿಂದ ಕಣ್ಣೆತ್ತದ ಮಿರ್ಜಾನನ್ನು ನೋಡಿ ನಗುವ ಹಕ್ಕು ನಮಗೆ ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು ಒಬ್ಬೊಬ್ಬರೂ ತಮ್ಮ ತಮ್ಮಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಬಿಡುವೆಂಬುದು ಸ್ವಾತಂತ್ರ್ಯದ ಅತ್ಯಂತ ಸಣ್ಣ ನಾಣ್ಯ. ದೊಡ್ಡ ನೋಟುಗಳನ್ನು ಕಾಯುವುದರಲ್ಲಿ ಮಗ್ನರಾದವರು ಚಿಲ್ಲರೆಯನ್ನು ಕಳೆದುಕೊಳ್ಳುತ್ತಾರೆ. ಆದರೆ ದಿನದ ಬದುಕು ನಡೆಯುವುದು ಚಿಲ್ಲರೆಯಿಂದಲೇ. ಪರಕೀಯನು ನಮ್ಮ ಬಿಡುವನ್ನು ಸೋಮಾರಿತನವೆಂದು ಕರೆದು ಕಸಿದನು. ಜಹಗೀರುದಾರನು ತನ್ನದನ್ನು ಆಟದಲ್ಲಿ ಚೆಲ್ಲಿದನು. ಚೋಮನಿಗೆ ಅದು ದೊರೆಯಲೇ ಇಲ್ಲ. ಪೌರ್ವಾತ್ಯ ಸಾಹಿತ್ಯವು ಈ ಮೂರು ಕತೆಗಳನ್ನೂ ನಮಗಾಗಿ ಬರೆದಿಟ್ಟಿದೆ. ನಾಲ್ಕನೆಯ ಕತೆ, ಎಂದರೆ ದುಡಿದವರೆಲ್ಲರಿಗೂ ಬಿಡುವು ದೊರೆತು ಅದು ಅವರದೇ ಆಗಿ ಉಳಿದ ಕತೆ, ಇನ್ನೂ ಬರೆಯಲ್ಪಡಬೇಕಾಗಿದೆ. ಅದನ್ನು ಲೇಖಕರು ಬರೆಯುವ ಮೊದಲು ನಾವು ಬದುಕಿ ತೋರಿಸಬೇಕು. ಮುಂದಿನ ರವಿವಾರ ಚೋಮನ ಕತೆಯನ್ನು ಕೈಗೆತ್ತಿಕೊಂಡು, ಓದಿ, ಪಕ್ಕದವರೊಡನೆ ಅದನ್ನು ಕುರಿತು ಒಂದು ಗಳಿಗೆ ಮಾತನಾಡಿದರೂ ಆ ದಿನದ ಬಿಡುವು ಸಾರ್ಥಕವಾಯಿತೆಂದೇ ನಾವು ತಿಳಿಯುತ್ತೇವೆ.